ವದಂತಿಯ ಹೊಣೆ ಯಾರದು?

ದೊಡ್ಡ ಕಂಪನಿಗಳಲ್ಲಿ ನೌಕರರನ್ನು ಕೆಲಸದಿಂದ ತೆಗೆಯುವರೆಂಬ ಸುದ್ದಿ ಹಬ್ಬಿದಾಗಲೆಲ್ಲ ಆಡಳಿತ ವರ್ಗದಿಂದ ಒಂದು ಉಪದೇಶ ತಪ್ಪದೆ ಹೊರಡುತ್ತದೆ: ವದಂತಿಗಳಿಗೆ ಕಿವಿಗೊಡಬೇಡಿ, ನಿಮ್ಮ ನಿಮ್ಮ ಕೆಲಸದ ಕಡೆ ಗಮನವಿಡಿ. ಕೇಳುವುದಕ್ಕೆ ಹಿತವಾದ ಮಾತು. ಸುಳ್ಳನ್ನು ಹರಡಬಾರದೆಂಬ ನೀತಿಯನ್ನು ಯಾವ ಧರ್ಮ ತಾನೇ ಒಪ್ಪದಿದ್ದೀತು? ಆದರೆ ಈ ಉಪದೇಶದ ಒಡಲಲ್ಲಿ ಒಂದು ಆರೋಪ ಅಡಗಿದೆ. ವದಂತಿಯು ನೌಕರರ ನಾಲಿಗೆಯ ಚಾಪಲ್ಯದಿಂದ ಹುಟ್ಟುತ್ತದೆ; ಅವರು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ನೆಮ್ಮದಿಯಿಂದಿರುತ್ತಿತ್ತು ಎಂಬುದೇ ಆ ಆರೋಪ. ತುಸು ಪರೀಕ್ಷಿಸಿ ನೋಡಿದರೂ ಇದು ನಿಲ್ಲುವುದಿಲ್ಲ. ವದಂತಿಯನ್ನು ಹಡೆಯುವುದು ತಿಳಿದೂ ತಿಳಿಸದವನ ಮೌನ. ಆದುದರಿಂದ ಅದರಿಂದ ಉಂಟಾಗುವ ದುಃಖದ ಮೊದಲ ಹೊಣೆಗಾರನೂ ಅವನೇ.

ಇಂತಹ ಕಚೇರಿಗಳಲ್ಲಿ ಭಯವು ಬೆಳೆಯುವ ಬಗೆಯನ್ನು ಗಮನಿಸಬೇಕು. ಮೊದಲು ಹೊಸಬರ ನೇಮಕ ನಿಲ್ಲುತ್ತದೆ. ಪ್ರವಾಸದ ಖರ್ಚಿಗೆ ಕತ್ತರಿ ಬೀಳುತ್ತದೆ. ಪ್ರತಿವಾರ ನಡೆಯುತ್ತಿದ್ದ ಸಭೆ ಕಾರಣವಿಲ್ಲದೆ ಮುಂದಕ್ಕೆ ಹೋಗುತ್ತದೆ. ವರುಷವಿಡೀ ಖಾಲಿಯಿರುತ್ತಿದ್ದ ಕೊಠಡಿಯೊಂದು ಒಮ್ಮೆಗೇ ಮೂರು ದಿನಗಳ ಕಾಲ ಕಾದಿರಿಸಲ್ಪಡುತ್ತದೆ. ಮೇಲಧಿಕಾರಿಯು ಎದುರು ಸಿಕ್ಕಾಗ ಕಣ್ಣು ತಪ್ಪಿಸುತ್ತಾನೆ. ಇವುಗಳಲ್ಲಿ ಯಾವುದೊಂದೂ ಪ್ರಮಾಣವಲ್ಲ; ಎಲ್ಲವೂ ಕೂಡಿದಾಗ ಪ್ರಮಾಣದಂತೆ ತೋರುತ್ತವೆ. ಮನೆಯ ಸಾಲ, ಮಗಳ ಶಾಲೆಯ ಶುಲ್ಕ, ವೃದ್ಧ ತಂದೆಯ ಔಷಧ ಇಷ್ಟನ್ನೂ ಒಂದೇ ಸಂಬಳದ ಮೇಲೆ ಹೊತ್ತವನು ಈ ಚಿಹ್ನೆಗಳನ್ನು ಓದದೆ ಇರಲಾರ. ಮಳೆಗಾಲದಲ್ಲಿ ರೈತನು ಆಕಾಶವನ್ನು ನೋಡುವುದು ಚಪಲವಾದರೆ ಇದೂ ಚಪಲವೇ ಸರಿ.

1947ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎಂಬಿಬ್ಬರು ವದಂತಿಯ ಮನಶ್ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ಕಾಲದ ಗಾಳಿಸುದ್ದಿಗಳನ್ನು ಪರಿಶೀಲಿಸಿ ಅವರು ಕಂಡುಕೊಂಡ ಸೂತ್ರ ಸರಳವಾದುದು. ವಿಷಯವು ಕೇಳುವವನಿಗೆ ಎಷ್ಟು ಮಹತ್ವದ್ದು, ಅದರ ಬಗೆಗಿನ ತಿಳಿವಳಿಕೆ ಎಷ್ಟು ಅಸ್ಪಷ್ಟ, ಇವೆರಡರ ಗುಣಲಬ್ಧವೇ ವದಂತಿಯ ಬಲ. ಗುಣಲಬ್ಧವಾದುದರಿಂದ ಎರಡರಲ್ಲೊಂದು ಸೊನ್ನೆಯಾದರೆ ವದಂತಿಯೂ ಸೊನ್ನೆ. ಅನ್ನದ ಪ್ರಶ್ನೆಯ ಮಹತ್ವವನ್ನು ಯಾವ ಸುತ್ತೋಲೆಯೂ ಕಡಿಮೆ ಮಾಡಲಾರದು. ಉಳಿದುದು ಅಸ್ಪಷ್ಟತೆ ಒಂದೇ. ಅದನ್ನು ನಿವಾರಿಸುವ ಶಕ್ತಿ ಯಾರ ಕೈಯಲ್ಲಿದೆಯೋ ಹೊಣೆಯೂ ಅವರ ಕೈಯಲ್ಲೇ ಇದೆ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂಬ ಮಾತಿದೆ. ಊರ ಬಾಯಿ ಮುಚ್ಚಿಸಲು ಹೊರಟವರು ತಮ್ಮ ಬಾಯಿ ತೆರೆದರೆ ಸಾಕಿತ್ತು.

ಈ ಮಾತನ್ನು ಒಂದು ಕಂಪನಿಯ ಚರಿತ್ರೆಯಿಂದಲೇ ತೂಗಿ ನೋಡಬಹುದು. ಐ.ಬಿ.ಎಂ. ಹೆಸರನ್ನು ಕೇಳದವರಿಲ್ಲ. 1914ರಲ್ಲಿ ಆ ಸಂಸ್ಥೆಯ ಹೊಣೆ ಹೊತ್ತ ಥಾಮಸ್ ವಾಟ್ಸನ್ ಅವರು 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿಯೂ ಕಾರ್ಖಾನೆಗಳನ್ನು ನಿಲ್ಲಿಸದೆ ನಡೆಸಿದರು. ದುಡಿಯುವವನನ್ನು ಹೊರಗೆ ಹಾಕುವುದಿಲ್ಲ ಎಂಬ ಸಂಪ್ರದಾಯ ಅಲ್ಲಿ ಬೇರೂರಿತು. ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್, ಪೊಕೀಪ್ಸಿ, ಕಿಂಗ್‌ಸ್ಟನ್ ಮೊದಲಾದ ಊರುಗಳಲ್ಲಿ ಆ ಕಂಪನಿಯನ್ನು ಸೇರುವುದೆಂದರೆ ನಿವೃತ್ತಿಯ ತನಕ ನಿಶ್ಚಿಂತೆ ಎಂದು ಜನ ನಂಬಿದ್ದರು. 1980ರ ದಶಕದ ನಡುವಿಗೆ ಜಗತ್ತಿನಾದ್ಯಂತ 4 ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿ ದುಡಿಯುತ್ತಿದ್ದರು.

ಬಳಿಕ ಕಾಲ ತಿರುಗಿತು. ಚಿಕ್ಕ ಗಣಕಯಂತ್ರಗಳು ಬಂದು ದೊಡ್ಡ ಯಂತ್ರಗಳ ಮಾರುಕಟ್ಟೆಯನ್ನು ಕುಗ್ಗಿಸಿದವು. 1992ರಲ್ಲಿ ಸುಮಾರು 500 ಕೋಟಿ ಡಾಲರ್, 1993ರಲ್ಲಿ ಸುಮಾರು 810 ಕೋಟಿ ಡಾಲರ್ ನಷ್ಟವಾಯಿತು. ಮೊದಮೊದಲು ಸ್ವಯಂನಿವೃತ್ತಿಯ ಯೋಜನೆಗಳು ಒಂದರ ಹಿಂದೊಂದು ಬಂದವು. 1993ರ ಏಪ್ರಿಲ್‌ನಲ್ಲಿ ಅಧಿಕಾರ ವಹಿಸಿಕೊಂಡ ಲೂಯಿ ಗರ್ಸ್ಟ್‌ನರ್ ಅವರು ಅದೇ ಜುಲೈಯಲ್ಲಿ ಇನ್ನೂ 35 ಸಾವಿರ ಹುದ್ದೆಗಳ ಕಡಿತವನ್ನು ಸಾರಿದರು. 1994ರ ಕೊನೆಗೆ ಉಳಿದವರು ಸುಮಾರು 2 ಲಕ್ಷ 20 ಸಾವಿರ. ಕಿಂಗ್‌ಸ್ಟನ್ನಿನ ಕಾರ್ಖಾನೆ 1995ರಲ್ಲಿ ಮುಚ್ಚಿತು. ಇದು ಘೋರವಾದ ಆಘಾತವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆಯಿತ್ತೆಂದು ಒಪ್ಪಬೇಕು. ಕಡಿತ ಮಾಡಲೇಬೇಕಾದರೆ ಬೇಗನೆ ಮಾಡಿ ಮುಗಿಸಬೇಕು, ವರ್ಷಗಟ್ಟಲೆ ಎಳೆಯಬಾರದು ಎಂಬುದು ಗರ್ಸ್ಟ್‌ನರ್ ಅವರ ನಿಲುವಾಗಿತ್ತು. ಸಂಖ್ಯೆಯನ್ನು ಹೇಳಿದರು, ಜನ ಅತ್ತರು, ಬೈದರು, ಉಳಿದವರು ಮತ್ತೆ ಕೆಲಸದಲ್ಲಿ ತೊಡಗಿದರು.

ಮುಂದಿನ ಎರಡು ದಶಕಗಳಲ್ಲಿ ನಡೆದುದು ಬೇರೆಯೇ ಬಗೆಯದು. ಒಂದು ದೊಡ್ಡ ಏಟಿನ ಬದಲು ಮುಗಿಯದ ಸಣ್ಣ ಸಣ್ಣ ಏಟುಗಳು ಬಂದವು. ಇಂದು ಈ ವಿಭಾಗದಲ್ಲಿ ಕೆಲವರು, ಮೂರು ತಿಂಗಳ ಬಳಿಕ ಆ ವಿಭಾಗದಲ್ಲಿ ಕೆಲವರು. ಭಾಷೆಯೂ ಬದಲಾಯಿತು. ಮನುಷ್ಯನನ್ನು ಕೆಲಸದಿಂದ ತೆಗೆಯುವುದಕ್ಕೆ ‘ರಿಸೋರ್ಸ್ ಆ್ಯಕ್ಷನ್’ ಎಂದು ಹೆಸರಾಯಿತು. ಅಂದರೆ ಸಂಪನ್ಮೂಲದ ಮೇಲಿನ ಕ್ರಮ. ಲೆಕ್ಕಪತ್ರದಲ್ಲಿ ಅದೇ ‘ವರ್ಕ್‌ಫೋರ್ಸ್ ರೀಬ್ಯಾಲೆನ್ಸಿಂಗ್’ ಎಂದಾಯಿತು. ಅಂದರೆ ದುಡಿಯುವ ಬಲದ ಸಮತೋಲನ. ತಕ್ಕಡಿಯ ಒಂದು ತಟ್ಟೆಯಿಂದ ಬಿದ್ದವನಿಗೆ ಅದನ್ನು ಸಮತೋಲನವೆಂದು ಕರೆಯಲು ಬಾಯಿ ಬಂದೀತೇ? ಮಾಡುವ ಕೆಲಸವನ್ನು ಅದರ ನಿಜವಾದ ಹೆಸರಿನಿಂದ ಕರೆಯಲು ಹಿಂಜರಿಯುವವನು, ಆ ಕೆಲಸದಲ್ಲಿ ನಾಚಿಕೆಪಡಬೇಕಾದುದೇನೋ ಇದೆಯೆಂದು ತಾನೇ ಒಪ್ಪಿಕೊಂಡಂತೆ.

ಇಲ್ಲಿ ಒಂದು ವಿಚಿತ್ರವನ್ನು ಲಕ್ಷಿಸಬೇಕು. ಈ ‘ಸಮತೋಲನ’ಕ್ಕೆ ಎಷ್ಟು ಹಣ ತಗಲುವುದೆಂಬುದನ್ನು ಕಂಪನಿಯು ತನ್ನ ಷೇರುದಾರರಿಗೆ ಡಾಲರಿನ ಲೆಕ್ಕದಲ್ಲಿ ತಿಳಿಸುತ್ತಿತ್ತು. ಎಷ್ಟು ಜನ ಹೋಗುವರು, ಯಾವ ಊರಿನಿಂದ ಹೋಗುವರು ಎಂಬುದನ್ನು ಮಾತ್ರ ಆ ಜನರಿಗೆ ತಿಳಿಸುತ್ತಿರಲಿಲ್ಲ. 2010ರ ಸುಮಾರಿಗೆ ಅಮೆರಿಕದಲ್ಲಿ ತನ್ನ ನೌಕರರು ಎಷ್ಟು ಮಂದಿ ಎಂಬ ಸಂಖ್ಯೆಯನ್ನು ಬೇರೆಯಾಗಿ ಪ್ರಕಟಿಸುವುದನ್ನೇ ಅದು ನಿಲ್ಲಿಸಿತು. ಹಣವನ್ನು ಬಹಿರಂಗವಾಗಿ ಎಣಿಸಿ ಮನುಷ್ಯರನ್ನು ಗುಟ್ಟಾಗಿ ಎಣಿಸುವ ಲೆಕ್ಕವನ್ನು ನೀತಿಯುಳ್ಳ ಯಾವ ವ್ಯಾಪಾರಿಯೂ ಶುದ್ಧ ಲೆಕ್ಕವೆಂದು ಒಪ್ಪಲಾರ.

ಕಾನೂನು ಇರಲಿಲ್ಲವೇ ಎಂಬ ಪ್ರಶ್ನೆ ಸಹಜ. ಇತ್ತು. ಅಮೆರಿಕದಲ್ಲಿ 1988ರಲ್ಲಿ ಆದ ಒಂದು ಕಾಯಿದೆಯ ಪ್ರಕಾರ, ನೂರು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯು ಸಾಮೂಹಿಕ ಕಡಿತಕ್ಕೆ 60 ದಿನ ಮೊದಲು ತಿಳಿಸಬೇಕು. ಆದರೆ ಒಂದೇ ಸ್ಥಳದಲ್ಲಿ 500 ಮಂದಿ, ಇಲ್ಲವೇ ಕನಿಷ್ಠ 50 ಮಂದಿಯಾಗಿದ್ದು ಅಲ್ಲಿನ ಮೂರನೆಯ ಒಂದು ಭಾಗವಾದರೂ ಆಗುವಷ್ಟು ಜನ ಹೋದರೆ ಮಾತ್ರ ಅದು ಸಾಮೂಹಿಕ ಕಡಿತ. ಹಲವು ಊರುಗಳಲ್ಲಿ ಹಂಚಿಹೋದ ಕಂಪನಿಯು ಒಂದೊಂದು ಊರಿನಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸಿದರೆ, ಒಟ್ಟು ಸಾವಿರಾರು ಜನ ಹೊರಟರೂ ಕಾಯಿದೆಗೆ ಕಣ್ಣು ಕಾಣಿಸದು.

ಮತ್ತೊಂದು ಕಾಯಿದೆ 1990ರದು. ವಯಸ್ಸಾದ ನೌಕರರು ವಯೋಭೇದದ ವಿರುದ್ಧ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಡುವಂತೆ ಗುಂಪಿನಲ್ಲಿ ತೆಗೆಯುವಾಗ ಕೇಳುವುದಾದರೆ, ಯಾರ ಯಾರ ವಯಸ್ಸಿನವರನ್ನು ತೆಗೆಯಲಾಯಿತು, ಯಾರನ್ನು ಉಳಿಸಿಕೊಳ್ಳಲಾಯಿತು ಎಂಬ ಪಟ್ಟಿಯನ್ನು ಕೊಡಬೇಕು. ಆ ಪಟ್ಟಿಯನ್ನು ಕೊಡುವ ಪದ್ಧತಿಯನ್ನು 2014ರಲ್ಲಿ ಐ.ಬಿ.ಎಂ. ಕೈಬಿಟ್ಟಿತು. ಹಕ್ಕನ್ನು ಬಿಟ್ಟುಕೊಡಿ ಎನ್ನುವ ಬದಲು, ದೂರಿದ್ದರೆ ನ್ಯಾಯಾಲಯಕ್ಕೆ ಹೋಗದೆ ಒಬ್ಬೊಬ್ಬರೇ ಮಧ್ಯಸ್ಥಿಕೆಗೆ ಬನ್ನಿ ಎಂದು ಒಪ್ಪಂದ ಬರೆಸಿಕೊಂಡಿತು. ಅಮೆರಿಕದ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯು 2018ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ಐದು ವರ್ಷಗಳಲ್ಲಿ 40 ವರ್ಷ ದಾಟಿದ 20 ಸಾವಿರಕ್ಕೂ ಹೆಚ್ಚು ಅಮೆರಿಕನ್ ನೌಕರರನ್ನು ಆ ಕಂಪನಿ ಕಳೆದುಹಾಕಿತ್ತು. ಆಡಳಿತದ ಅಂಗಳದಲ್ಲಿ ದೊರೆಯದ ಲೆಕ್ಕವನ್ನು ಪತ್ರಕರ್ತರು ಅಂದಾಜಿನಿಂದ ಕಟ್ಟಬೇಕಾಯಿತು.

ಇಂತಹ ಕತ್ತಲೆಯಲ್ಲಿಯೇ 2015ರ ಜನವರಿಯ ಪ್ರಸಂಗ ನಡೆಯಿತು. ಕಂಪನಿಯು ತನ್ನ ನೌಕರರಲ್ಲಿ ನೂರಕ್ಕೆ 26 ಮಂದಿಯನ್ನು, ಎಂದರೆ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಲಿದೆ ಎಂದು ಅಂಕಣಕಾರರೊಬ್ಬರು ಬರೆದರು. ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಕಂಪನಿಯು ಅದನ್ನು ನಿರಾಧಾರವೆಂದು ಅಲ್ಲಗಳೆಯಿತು. ತಾನು ಈಗಾಗಲೇ ಷೇರುದಾರರಿಗೆ ತಿಳಿಸಿರುವ 60 ಕೋಟಿ ಡಾಲರಿನ ವೆಚ್ಚವು ಕೆಲವು ಸಾವಿರ ಜನರಿಗೆ ಸಂಬಂಧಿಸಿದ್ದು, ಅಷ್ಟೇ ಎಂದು ಹೇಳಿತು. ಆ ವರ್ಷದ ಕೊನೆಯಲ್ಲಿ ನೋಡಿದಾಗ ಒಟ್ಟು ನೌಕರರ ಸಂಖ್ಯೆ ಹಿಂದಿನಂತೆಯೇ 3 ಲಕ್ಷ 80 ಸಾವಿರದ ಆಸುಪಾಸಿನಲ್ಲಿತ್ತು. ಎಂದರೆ ವದಂತಿಯ ಅಂಕಿ ಸುಳ್ಳೆಂದಾಯಿತು. ಕಂಪನಿಯ ಮಾತು ನಿಜವೆಂದಾಯಿತು. ಇಲ್ಲಿಗೆ ವಾದ ಮುಗಿಯಿತೆಂದು ಆಡಳಿತದ ಪಕ್ಷದವರು ಭಾವಿಸಬಹುದು.

ಆದರೆ ಮುಖ್ಯವಾದ ಪ್ರಶ್ನೆ ಇನ್ನೂ ಉಳಿದಿದೆ. ಅಷ್ಟು ಅಸಂಭವವಾದ ಸಂಖ್ಯೆಯನ್ನು ಬುದ್ಧಿವಂತರಾದ ಅಷ್ಟು ಜನ ಹೇಗೆ ನಂಬಿದರು? ‘ಕೆಲವು ಸಾವಿರ’ ಎಂಬ ನಿಜವಾದ ಮಾತು ಮೊದಲೇ ಏಕೆ ಹೊರಬರಲಿಲ್ಲ? ಸುಳ್ಳಿಗೆ ಉತ್ತರವಾಗಿ ಮಾತ್ರ ಸತ್ಯವನ್ನು ಹೊರತೆಗೆಯುವ ಸಂಸ್ಥೆಯು, ಸತ್ಯವನ್ನು ಪಡೆಯಬೇಕಾದರೆ ದೊಡ್ಡ ಸುಳ್ಳನ್ನೇ ಹಬ್ಬಿಸಬೇಕೆಂಬ ಪಾಠವನ್ನು ತನ್ನ ನೌಕರರಿಗೆ ಕಲಿಸುತ್ತದೆ. ಅದಲ್ಲದೆ ಆ ‘ಕೆಲವು ಸಾವಿರ’ ಜನ ಯಾರು ಎಂಬುದು ಅಲ್ಲಗಳೆದ ಮೇಲೂ ತಿಳಿಯಲಿಲ್ಲ. ಹೀಗಾಗಿ ಅಂದು ರಾತ್ರಿ ನಿದ್ದೆಗೆಟ್ಟವರು ಕೆಲವು ಸಾವಿರವಲ್ಲ, ಲಕ್ಷಗಟ್ಟಲೆ.

ಆ ಕಂಪನಿಯ ನೌಕರರ ಒಂದು ಒಕ್ಕೂಟವಿತ್ತು. 1999ರಲ್ಲಿ ಪಿಂಚಣಿಯ ನಿಯಮ ಬದಲಾದಾಗ ಎದ್ದ ಅಸಮಾಧಾನದಿಂದ ಹುಟ್ಟಿದ ‘ಅಲಯನ್ಸ್ ಅಟ್ ಐ.ಬಿ.ಎಂ.’ ಎಂಬುದು ಅದರ ಹೆಸರು. ಅಧಿಕೃತ ಮನ್ನಣೆಯಿಲ್ಲದ ಆ ಒಕ್ಕೂಟವು, ಯಾವ ವಿಭಾಗದಲ್ಲಿ ಎಷ್ಟು ಜನರಿಗೆ ಪತ್ರ ಬಂತೆಂಬುದನ್ನು ನೌಕರರಿಂದಲೇ ಕೇಳಿ ಪಟ್ಟಿ ಮಾಡುತ್ತಿತ್ತು. ಅದರಲ್ಲಿ ನಿಜವಿತ್ತು, ಉತ್ಪ್ರೇಕ್ಷೆಯಿತ್ತು, ಕೋಪವೂ ಇತ್ತು. ಹೀಗಿದ್ದರೂ ವರ್ಷಗಟ್ಟಲೆ ಪತ್ರಿಕೆಯವರು ಕಡಿತದ ಅಂದಾಜಿಗಾಗಿ ಅದರ ಬಾಗಿಲಿಗೇ ಹೋದರು. ಧಣಿಯು ಕೊಡದ ಲೆಕ್ಕವನ್ನು ಆಳುಗಳು ಗೋಡೆಯ ಮೇಲೆ ಗೀಟು ಹಾಕಿ ಇಟ್ಟಂತೆ. 2016ರ ಜನವರಿಯಲ್ಲಿ ಆ ಒಕ್ಕೂಟ ತನ್ನ ಕೆಲಸವನ್ನು ನಿಲ್ಲಿಸಿತು. ಸದಸ್ಯರೇ ಕೆಲಸ ಕಳೆದುಕೊಂಡು ಕರಗಿಹೋದದ್ದು ಅದಕ್ಕೊಂದು ಕಾರಣ. ಲೆಕ್ಕವಿಟ್ಟವರು ಹೋದರು; ಭಯ ಮಾತ್ರ ಹೋಗಲಿಲ್ಲ.

ಇಷ್ಟಕ್ಕೂ ಭಯವೇನು ದೊಡ್ಡ ಹಾನಿ, ಕೆಲಸ ಹೋದರೆ ತಾನೇ ಹಾನಿ ಎಂದು ಕೇಳುವವರಿದ್ದಾರೆ. ಅವರು ಬ್ರಿಟನ್ನಿನ ಒಂದು ಅಧ್ಯಯನವನ್ನು ಗಮನಿಸಬೇಕು. ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಆರೋಗ್ಯವನ್ನು 1985ರಿಂದ ವೈದ್ಯರು ಪರೀಕ್ಷಿಸುತ್ತ ಬಂದಿದ್ದರು. ಅದರ ನಡುವೆ ಒಂದು ಇಲಾಖೆಯನ್ನು ಖಾಸಗಿಯವರಿಗೆ ಮಾರುವ ಮಾತು ಬಂತು. ಆ ಇಲಾಖೆಯವರ ಸ್ಥಿತಿಯನ್ನು ಇತರರೊಡನೆ ಹೋಲಿಸಿ 1995ರಲ್ಲಿ ಪ್ರಕಟವಾದ ಲೇಖನವು ತಿಳಿಸಿದ್ದೇನೆಂದರೆ, ಇನ್ನೂ ಯಾರ ಕೆಲಸವೂ ಹೋಗದಿದ್ದಾಗ, ಬರೀ ನಿರೀಕ್ಷೆಯ ಘಟ್ಟದಲ್ಲಿಯೇ ಅವರ ಆರೋಗ್ಯ ಇತರರದಕ್ಕಿಂತ ಕೆಟ್ಟಿತು. ಏಟು ಬೀಳುವ ಮೊದಲೇ ಗಾಯವಾಗಿತ್ತು.

ಹಿಂಸೆಯೆಂದರೆ ಕೈಯಿಂದ ಹೊಡೆಯುವುದಷ್ಟೇ ಎಂದು ತಿಳಿದವರು ಈ ಪತ್ರಿಕೆಯ ವಾಚಕರಲ್ಲಿ ವಿರಳ. ಮನಸ್ಸು, ಮಾತು, ಕಾಯ ಮೂರರಿಂದಲೂ ಅದು ಸಂಭವಿಸುತ್ತದೆ. ಮಾಡುವುದರಿಂದ ಆಗುವಂತೆ, ಆಡಬೇಕಾದಾಗ ಆಡದಿರುವುದರಿಂದಲೂ ಆಗುತ್ತದೆ. ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ದಾನಗಳಲ್ಲಿ ಎಣಿಸಿದ ಹಿರಿಯರು, ಭಯದಲ್ಲಿರುವ ಜೀವಿಗೆ ಅನ್ನದಷ್ಟೇ ಅಗತ್ಯವಾದುದು ನಿರ್ಭಯವೆಂದು ಅರಿತಿದ್ದರು. ಕೆಲಸ ಕೊಡುವುದು ಎಲ್ಲ ಕಾಲಕ್ಕೂ ಯಜಮಾನನ ಕೈಯಲ್ಲಿರದು. ವ್ಯಾಪಾರ ಇಳಿಯಬಹುದು, ಯಂತ್ರ ಬದಲಾಗಬಹುದು. ಆದರೆ ನೂರು ಜನರಲ್ಲಿ ಹತ್ತು ಜನರನ್ನು ಬಿಡಬೇಕಾದಾಗ ಉಳಿದ ತೊಂಬತ್ತು ಜನರ ಭಯವನ್ನು ಅಂದೇ ನಿವಾರಿಸುವುದು ಅವನ ಕೈಯಲ್ಲಿಯೇ ಇದೆ. ಹತ್ತು ಜನರಿಗೆ ಮಾತ್ರ ಅನಿವಾರ್ಯವಾದ ದುಃಖವನ್ನು ನೂರು ಜನರಿಗೂ ಹಂಚುವುದು ಕಾಸಿನ ಖರ್ಚಿಲ್ಲದೆ ತಪ್ಪಿಸಬಹುದಾದ ಹಿಂಸೆ. ತಪ್ಪಿಸಬಹುದಾಗಿದ್ದೂ ತಪ್ಪಿಸದ ಹಿಂಸೆಗೆ ಕ್ಷಮೆ ಕಡಿಮೆ.

ಆಡಳಿತದ ಪಕ್ಷದಿಂದ ಬರುವ ಸಮಾಧಾನಗಳನ್ನೂ ಕೇಳಬೇಕು. ಮೊದಲೇ ಹೇಳಿಬಿಟ್ಟರೆ ಸಮರ್ಥರೆಲ್ಲ ಬೇರೆ ಕಡೆ ಹೋಗಿಬಿಡುತ್ತಾರೆ, ಕೆಲಸ ಕೆಡುತ್ತದೆ ಎಂಬುದು ಮೊದಲನೆಯದು. ಹೇಳದಿದ್ದಾಗ ಆಗುವುದೂ ಅದೇ. ಅನಿಶ್ಚಯದಲ್ಲಿ ಮೊದಲು ಹೊರಡುವವನು ಹೊರಗೆ ಸುಲಭವಾಗಿ ಕೆಲಸ ಸಿಗುವಂತಹ ಸಮರ್ಥ. ಉಳಿಯುವವನು ಹೋಗಲು ದಾರಿಯಿಲ್ಲದವನು. ನಿನ್ನ ಕೆಲಸ ಭದ್ರವೆಂದು ನಂಬುವಂತೆ ಹೇಳಬಲ್ಲ ಯಜಮಾನನು ಮಾತ್ರ ಸಮರ್ಥನನ್ನು ಉಳಿಸಿಕೊಳ್ಳಬಲ್ಲ. ಹಾಗೆ ನಂಬಿಸಬೇಕಾದರೆ ಯಾರ ಕೆಲಸ ಭದ್ರವಲ್ಲವೆಂಬುದನ್ನೂ ಹೇಳುವ ಧೈರ್ಯ ಅವನಿಗಿರಬೇಕು.

ಷೇರುಪೇಟೆಯ ನಿಯಮಗಳು ಗುಟ್ಟನ್ನು ಬಯಸುತ್ತವೆ ಎಂಬುದು ಎರಡನೆಯ ಸಮಾಧಾನ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿರುವುದನ್ನು ಆ ನಿಯಮಗಳು ತಡೆಯುತ್ತವೆಯೇ ಹೊರತು ಎಲ್ಲರಿಗೂ ಒಮ್ಮೆಗೇ ಹೇಳುವುದನ್ನು ತಡೆಯುವುದಿಲ್ಲ. ಷೇರುದಾರರಿಗೆ ವೆಚ್ಚವನ್ನು ಸಾರುವ ದಿನವೇ ನೌಕರರಿಗೆ ಸಂಖ್ಯೆಯನ್ನು ಸಾರಲು ಯಾವ ನಿಯಮವೂ ಅಡ್ಡಬರದು. ಇನ್ನು ಅಂತಿಮ ಪಟ್ಟಿ ಸಿದ್ಧವಾಗುವ ತನಕ ಆಡಳಿತಕ್ಕೇ ಗೊತ್ತಿರುವುದಿಲ್ಲ ಎಂಬುದು ಮೂರನೆಯದು. ಹಾಗಿದ್ದರೆ ಗೊತ್ತಿಲ್ಲ ಎಂಬುದನ್ನೇ ಹೇಳಬಹುದು. ಯಾವ ದಿನ ಗೊತ್ತಾಗುವುದೆಂದು ಹೇಳಬಹುದು. ಗೊತ್ತಿಲ್ಲವೆಂಬ ಸತ್ಯಕ್ಕೂ, ಏನೂ ಇಲ್ಲವೆಂಬ ನಟನೆಗೂ ಬಹಳ ಅಂತರವಿದೆ.

ಇದೆಲ್ಲ ಪುಸ್ತಕದ ಬದನೆಕಾಯಿ, ವ್ಯವಹಾರದಲ್ಲಿ ನಡೆಯದು ಎಂದು ಮೂಗು ಮುರಿಯುವವರಿಗೆ ಯೂರೋಪಿನ ನಿದರ್ಶನವಿದೆ. ಅಲ್ಲಿನ ದೇಶಗಳು ಒಟ್ಟಾಗಿ 1975ರಲ್ಲಿ ಮಾಡಿಕೊಂಡು 1998ರಲ್ಲಿ ಪರಿಷ್ಕರಿಸಿದ ನಿಬಂಧನೆಯಂತೆ, ಸಾಮೂಹಿಕ ಕಡಿತವನ್ನು ಆಲೋಚಿಸುವ ಯಜಮಾನನು ಆ ಘಟ್ಟದಲ್ಲಿಯೇ ನೌಕರರ ಪ್ರತಿನಿಧಿಗಳೊಡನೆ ಸಮಾಲೋಚಿಸಬೇಕು. ಕಾರಣವೇನು, ಸಂಖ್ಯೆಯೆಷ್ಟು, ಯಾವ ಅವಧಿಯಲ್ಲಿ, ಯಾವ ಮಾನದಂಡದಿಂದ ಎಂಬಿಷ್ಟನ್ನೂ ಬರವಣಿಗೆಯಲ್ಲಿ ಕೊಡಬೇಕು. ಐ.ಬಿ.ಎಂ. ಕಡಿತವನ್ನು ಸಾರಿದ 1993ರಲ್ಲಿಯೇ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಗೂ ಸುಮಾರು 30 ಸಾವಿರ ಜನ ಹೆಚ್ಚಾಗಿದ್ದರು. ಕಂಪನಿಯು ಲೆಕ್ಕವನ್ನು ಕಾರ್ಮಿಕ ಸಂಘದ ಮುಂದಿಟ್ಟಿತು. ಚರ್ಚೆಯಾಗಿ, ವಾರಕ್ಕೆ 28.8 ಗಂಟೆಗಳ ದುಡಿಮೆ, ಅದಕ್ಕೆ ತಕ್ಕಂತೆ ಕಡಿಮೆ ಸಂಪಾದನೆ, ಯಾರನ್ನೂ ಹೊರಗೆ ಹಾಕುವುದಿಲ್ಲವೆಂಬ ಭರವಸೆ, ಹೀಗೆ ಒಪ್ಪಂದವಾಗಿ 1994ರಿಂದ ಜಾರಿಗೆ ಬಂತು. ಹಿಡಿಯನ್ನವನ್ನೇ ಹಂಚಿಕೊಂಡು ಉಂಡ ಹಾಗಾಯಿತು. ಎಲ್ಲ ಕಂಪನಿಗಳಿಗೂ ಎಲ್ಲ ಕಾಲದಲ್ಲಿಯೂ ಇದು ಸಾಧ್ಯವಾಗದಿರಬಹುದು. ಅದೇ ಕಂಪನಿಯೇ 2024ರ ಡಿಸೆಂಬರಿನಲ್ಲಿ 2030ರೊಳಗೆ 35 ಸಾವಿರ ಹುದ್ದೆಗಳನ್ನು ಇಳಿಸಲು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆದರೆ ಆಗಲೂ ಸಂಖ್ಯೆ ತಿಳಿದಿತ್ತು, ಗಡುವು ತಿಳಿದಿತ್ತು, ಬಲವಂತದಿಂದ ಯಾರನ್ನೂ ತೆಗೆಯುವುದಿಲ್ಲವೆಂಬುದು ತಿಳಿದಿತ್ತು.

ಈ ಪ್ರಶ್ನೆ ಕರ್ನಾಟಕಕ್ಕೆ ದೂರದ್ದಲ್ಲ. 1978ರಲ್ಲಿ ಭಾರತವನ್ನು ಬಿಟ್ಟುಹೋಗಿದ್ದ ಐ.ಬಿ.ಎಂ. 1992ರಲ್ಲಿ ಟಾಟಾ ಸಂಸ್ಥೆಯ ಜೊತೆಗೂಡಿ ಬೆಂಗಳೂರಿಗೆ ಮರಳಿತು. 2017ರ ಹೊತ್ತಿಗೆ ಅದರ ಭಾರತೀಯ ನೌಕರರ ಸಂಖ್ಯೆ ಸುಮಾರು 1 ಲಕ್ಷ 30 ಸಾವಿರಕ್ಕೇರಿ ಅಮೆರಿಕದ ಸಂಖ್ಯೆಯನ್ನೂ ಮೀರಿತೆಂದು ಅಲ್ಲಿನ ಪತ್ರಿಕೆಗಳು ಬರೆದವು. ಪೊಕೀಪ್ಸಿಯಲ್ಲಿ ಆರಿದ ಒಲೆಯ ಕೆಂಡದಿಂದಲೇ ಬೆಂಗಳೂರಿನ ಕೆಲವು ಒಲೆಗಳು ಹೊತ್ತಿಕೊಂಡವೆಂದು ಹೇಳಿದರೆ ಪೂರ್ತಿ ತಪ್ಪಾಗದು. ಅದರಲ್ಲಿ ಇಲ್ಲಿನ ಯುವಕರ ದೋಷವೇನೂ ಇಲ್ಲ. ಆದರೆ ಅಲ್ಲಿ ಒಬ್ಬನನ್ನು ಹೇಳದೆ ಕೇಳದೆ ತೆಗೆದ ಪದ್ಧತಿಯು ಇಲ್ಲಿನವನನ್ನು ಮಾತ್ರ ಗೌರವದಿಂದ ನಡೆಸಿಕೊಂಡೀತೆಂದು ನಂಬುವುದು ಭೋಳೆತನ.

ಭಾರತದ ಕಾನೂನು ಈ ವಿಷಯದಲ್ಲಿ ಮೂಲತಃ ವಿವೇಕವುಳ್ಳದ್ದು. 1947ರ ಕೈಗಾರಿಕಾ ವಿವಾದ ಕಾಯಿದೆಯು ಒಂದು ವರ್ಷ ದುಡಿದ ಕಾರ್ಮಿಕನನ್ನು ತೆಗೆಯಬೇಕಾದರೆ ಕಾರಣ ಸಹಿತವಾದ ಒಂದು ತಿಂಗಳ ನೋಟೀಸನ್ನೋ ಆ ಅವಧಿಯ ವೇತನವನ್ನೋ ಕೊಡಬೇಕೆಂದಿತ್ತು. ದುಡಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕೆಂದಿತ್ತು. ಸಾಮಾನ್ಯವಾಗಿ ಕೊನೆಗೆ ಬಂದವನನ್ನು ಮೊದಲು ಕಳಿಸಬೇಕೆಂದು ಮಾನದಂಡವನ್ನೂ ಹೇಳಿತ್ತು. 2025ರ ನವೆಂಬರ್ 21ರಂದು ಅದರ ಸ್ಥಾನಕ್ಕೆ ಬಂದ 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಈ ಮೂಲತತ್ತ್ವಗಳನ್ನು ಉಳಿಸಿಕೊಂಡಿದೆ. ಕೊರತೆ ಇರುವುದು ಆಚರಣೆಯಲ್ಲಿ. ತಂತ್ರಾಂಶ ಕಚೇರಿಗಳಲ್ಲಿ ತೆಗೆಯುವ ಬದಲು ರಾಜೀನಾಮೆ ಬರೆಸಿಕೊಳ್ಳುತ್ತಾರೆಂಬ ದೂರು ನೌಕರ ಸಂಘಗಳಿಂದ ಮತ್ತೆ ಮತ್ತೆ ಕೇಳಿಬಂದಿದೆ. ತಾನಾಗಿಯೇ ಬಿಟ್ಟವನಿಗೆ ನೋಟೀಸೂ ಇಲ್ಲ, ಪರಿಹಾರವೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನವಿದು.

2025ರ ಜುಲೈಯಲ್ಲಿ ಟಿ.ಸಿ.ಎಸ್. ಕಂಪನಿಯು ತನ್ನ 6 ಲಕ್ಷಕ್ಕೂ ಮಿಕ್ಕಿದ ನೌಕರರಲ್ಲಿ ನೂರಕ್ಕೆ ಎರಡರಷ್ಟು, ಸುಮಾರು 12 ಸಾವಿರ ಮಂದಿಯನ್ನು ಬಿಡುವುದಾಗಿಯೂ, ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಶ್ರೇಣಿಯವರೆಂದೂ ತಿಳಿಸಿತು. ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ್ದು ಮೆಚ್ಚತಕ್ಕ ಸಂಗತಿ. ಆದರೂ ವದಂತಿ ನಿಲ್ಲಲಿಲ್ಲ; ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದೆಂಬ ಮಾತು ಹಬ್ಬಿತು, ಕಂಪನಿ ಅದನ್ನು ನಿರಾಕರಿಸಿತು. ಸೆಪ್ಟೆಂಬರ್ ಕೊನೆಗೆ ಒಟ್ಟು ಸಂಖ್ಯೆ ಮೂರು ತಿಂಗಳ ಹಿಂದಿನದಕ್ಕಿಂತ 19 ಸಾವಿರಕ್ಕೂ ಹೆಚ್ಚು ಇಳಿದಿತ್ತು. ಅದರಲ್ಲಿ ತಾವಾಗಿ ಹೋದವರೂ ಇದ್ದರು. ಯಾರು ತಾವಾಗಿ ಹೋದರು, ಯಾರನ್ನು ಕಳಿಸಲಾಯಿತು ಎಂಬ ಗೆರೆಯೇ ನೌಕರರ ಕಣ್ಣಿಗೆ ಮಸುಕಾಗಿರುವ ತನಕ ಯಾವ ಸಂಖ್ಯೆಯೂ ವದಂತಿಯನ್ನು ಅಡಗಿಸಲಾರದು. ಅರ್ಧ ಹೇಳಿದ ಸತ್ಯವು ಉಳಿದರ್ಧಕ್ಕೆ ಊಹೆಯನ್ನು ಕರೆದು ತರುತ್ತದೆ.

ನೌಕರರ ಮೇಲೂ ಕರ್ತವ್ಯವಿದೆ. ತಿಳಿಯದುದನ್ನು ತಿಳಿದಂತೆ ಹೇಳಬಾರದು. ಕೇಳಿದ ಅಂಕಿಯನ್ನು ದ್ವಿಗುಣ ಮಾಡಬಾರದು. ಒಬ್ಬನ ಹೆಸರು ಪಟ್ಟಿಯಲ್ಲಿದೆಯೆಂದು ಪಿಸುಗುಟ್ಟಿ ಅವನ ಮನೆಯವರ ಅನ್ನಕ್ಕೆ ಕಣ್ಣೀರು ಬೆರೆಸಬಾರದು. ಆದರೆ ಪಿಸುಮಾತಿನ ದೋಷವನ್ನೂ ಮೌನದ ದೋಷವನ್ನೂ ಒಂದೇ ತಕ್ಕಡಿಯಲ್ಲಿ ಸಮನಾಗಿ ತೂಗಲಾಗದು. ಒಬ್ಬನು ಕತ್ತಲೆಯಲ್ಲಿ ತಡವರಿಸಿ ಪಕ್ಕದವನನ್ನು ಎಡವುತ್ತಾನೆ. ಇನ್ನೊಬ್ಬನು ದೀಪವನ್ನು ಕೈಯಲ್ಲಿ ಹಿಡಿದು ಅದಕ್ಕೆ ಮುಸುಕು ಹಾಕಿದ್ದಾನೆ.

ಕಡೆಯದಾಗಿ, ಇದು ಬೃಹತ್ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವಾಚಕರು ಪುಟ ಮಗುಚುವುದು ಸಲ್ಲದು. ಅವರಲ್ಲಿ ಅಂಗಡಿ, ಗಿರಣಿ, ಕಾರ್ಖಾನೆಗಳನ್ನು ನಡೆಸುವವರಿದ್ದಾರೆ. ಅಂತಹ ಕಂಪನಿಗಳ ಷೇರುಗಳನ್ನು ಕೊಂಡವರು ಇನ್ನೂ ಹೆಚ್ಚು ಮಂದಿ. ಲಾಭಾಂಶದ ಪತ್ರವನ್ನು ಸಂತೋಷದಿಂದ ಓದುವ ಷೇರುದಾರನು ವಾರ್ಷಿಕ ಸಭೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು: ಈ ವರ್ಷ ಎಷ್ಟು ಜನರನ್ನು ತೆಗೆಯಲಾಯಿತು? ಎಷ್ಟು ದಿನ ಮೊದಲು ಅವರಿಗೆ ತಿಳಿಸಲಾಯಿತು? ಯಾವ ಮಾನದಂಡದಿಂದ ಅವರನ್ನು ಆರಿಸಲಾಯಿತು? ಹೋಗುವಾಗ ಅವರಿಗೆ ಏನನ್ನು ಕೊಡಲಾಯಿತು? ಕೇಳದೆ ಪಡೆದ ಲಾಭದಲ್ಲಿ ಕೇಳದಿದ್ದುದರ ಪಾಲೂ ಸೇರಿರುತ್ತದೆ. ಇನ್ನು ಸ್ವಂತ ಅಂಗಡಿಯಲ್ಲಿ ಐದು ಜನ ಗುಮಾಸ್ತರನ್ನಿಟ್ಟುಕೊಂಡವನು, ಮುಂದಿನ ಯುಗಾದಿಯ ತರುವಾಯ ನಾಲ್ವರೇ ಸಾಕೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದರೆ, ಯುಗಾದಿಯವರೆಗೂ ಐವರನ್ನು ನಡುಗಿಸದೆ ಆ ಒಬ್ಬನನ್ನು ಇಂದೇ ಕರೆದು ಕೂರಿಸಿ ಹೇಳಲಿ; ಬೇರೆ ಅಂಗಡಿಯನ್ನು ಹುಡುಕಿಕೊಳ್ಳಲು ಅವನಿಗೆ ದಿನಗಳಾದರೂ ಉಳಿಯುತ್ತವೆ.